ಮೂರು ರೂಟಿನ ಲೆಕ್ಕ

ಪ್ರಶ್ನೆಪತ್ರಿಕೆಯಲ್ಲಿ ಐದು ಮಾಡ್ಯೂಲ್. ಪ್ರತಿ ಮಾಡ್ಯೂಲಿನಲ್ಲಿ ಎರಡು ಪ್ರಶ್ನೆ. ಎರಡರಲ್ಲಿ ಒಂದಕ್ಕೆ ಉತ್ತರಿಸಬೇಕು, ಇಪ್ಪತ್ತು ಅಂಕ. ಒಟ್ಟು ನೂರಕ್ಕೆ ಮೂವತ್ತೈದು ಬಂದರೆ ಪಾಸು. ನಾಲ್ಕನೇ ಸೆಮಿಸ್ಟರಿನ ಈ ಅನ್ವಯಿಕ ಗಣಿತವನ್ನು ಸ್ಮಿತಾ ಆಗಲೇ ಆರು ಸಲ ಬರೆದಿದ್ದಳು. ಕೊನೆಯ ಮೂರು ಸಲ ಬಂದ ಅಂಕ ಇಪ್ಪತ್ತೆಂಟು, ಮೂವತ್ತಮೂರು, ಮೂವತ್ತೊಂದು.

ಏಳನೆಯ ಸಲವೇ ಕೊನೆ. ನಾಲ್ಕು ವರ್ಷದ ಕೋರ್ಸನ್ನು ಎಂಟು ವರ್ಷದೊಳಗೆ ಮುಗಿಸದಿದ್ದರೆ ನೋಂದಣಿಯೇ ರದ್ದಾಗುತ್ತದೆ. ಜೂನ್ 24ರ ಮಂಗಳವಾರ ಮಧ್ಯಾಹ್ನ ಎರಡರಿಂದ ಐದರವರೆಗಿನ ಮೂರು ಗಂಟೆ ಅವಳ ಪಾಲಿಗೆ ಉಳಿದಿತ್ತು. ಆಗಲೂ ಬಿದ್ದರೆ ಪಾಸಾಗಿದ್ದ ಉಳಿದೆಲ್ಲ ವಿಷಯಗಳೂ ಲೆಕ್ಕಕ್ಕಿಲ್ಲ. ಅವಳು ಪಿಯುಸಿ ಓದಿದವಳು, ಅಷ್ಟೇ.

ಅವಳ ಊರು ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು. ನಾಲ್ಕು ವರ್ಷದಿಂದ ಹಾಸನದಲ್ಲಿ ಪಿ.ಜಿ.ಯಲ್ಲಿದ್ದುಕೊಂಡು ಸುನೀಲ್‌ಕುಮಾರ್ ಎಂಬ ಸಿವಿಲ್ ಎಂಜಿನಿಯರ್ ಕಚೇರಿಯಲ್ಲಿ ಮನೆ ನಕ್ಷೆ ಬರೆಯುತ್ತಿದ್ದಳು. ಅಳತೆ, ಕಾಲಂ, ಮೆಟ್ಟಿಲು ಎಲ್ಲ ಅವಳದೇ. ಕೊನೆಗೆ ನಕ್ಷೆಯ ಕೆಳಗಿನ ಮೂಲೆಯಲ್ಲಿ ಸಹಿ ಮಾತ್ರ ಸುನೀಲ್‌ಕುಮಾರ್ ಹಾಕುತ್ತಿದ್ದರು. ಡಿಗ್ರಿ ಇಲ್ಲದವರ ಸಹಿಯನ್ನು ನಗರಸಭೆ ಒಪ್ಪುವುದಿಲ್ಲ. ನಿನ್ನ ಗೆರೆ, ನನ್ನ ಸೀಲು ಎಂದು ಅವರು ಆಗಾಗ ತಮಾಷೆ ಮಾಡುತ್ತಿದ್ದರು. ಮೊದಲ ವರ್ಷ ಅವಳೂ ನಗುತ್ತಿದ್ದಳು.

ಐದು ಮಾಡ್ಯೂಲನ್ನೂ ಓದಿ ಎರಡು ಸಲ ಬಿದ್ದಿದ್ದಳು. ಎಲ್ಲವೂ ಸ್ವಲ್ಪ ಸ್ವಲ್ಪ ಬರುತ್ತಿತ್ತು, ಯಾವುದೂ ಕೊನೆಯವರೆಗೆ ಬರುತ್ತಿರಲಿಲ್ಲ. ಈ ಸಲ ಮೂರನ್ನು ಮಾತ್ರ ಓದುವುದೆಂದು ತೀರ್ಮಾನಿಸಿದಳು. ಒಂದನೆಯದು ನ್ಯೂಮರಿಕಲ್ ಮೆಥಡ್ಸ್. ಕ್ಯಾಲ್ಕುಲೇಟರ್ ಹಿಡಿದು ಹೆಜ್ಜೆ ತಪ್ಪದೆ ಹೋದರೆ ಅಂಕ ಖಚಿತ. ನಾಲ್ಕನೆಯದು ಪ್ರಾಬಬಿಲಿಟಿ, ಅದು ಅವಳಿಗೆ ಅರ್ಥವಾಗುತ್ತಿತ್ತು. ಎರಡನೆಯದಾದ ಸ್ಪೆಷಲ್ ಫಂಕ್ಷನ್ಸ್ ಬೇಡವೇ ಬೇಡ. ಮೂರನೆಯದಾದ ಕಾಂಪ್ಲೆಕ್ಸ್ ವೇರಿಯಬಲ್ಸ್, ಐದನೆಯದಾದ ಸ್ಯಾಂಪ್ಲಿಂಗ್ ಮತ್ತು ಮಾರ್ಕೋವ್ ಚೈನ್ ಇವೆರಡರಲ್ಲಿ ಯಾವುದು? ಹಿಂದಿನ ಒಂಬತ್ತು ಪತ್ರಿಕೆಗಳನ್ನು ಜೆರಾಕ್ಸ್ ಮಾಡಿಸಿ, ನಕ್ಷೆಯ ಹಾಳೆಯ ಹಿಂಬದಿಯಲ್ಲಿ ಪಟ್ಟಿ ಬರೆದಳು. ಅಡ್ಡಕ್ಕೆ ಪರೀಕ್ಷೆಯ ತಿಂಗಳು, ಉದ್ದಕ್ಕೆ ಟಾಪಿಕ್. ಬಂದದ್ದಕ್ಕೆ ಕೆಂಪು ಗುರುತು. ಕಾಂಪ್ಲೆಕ್ಸ್ ವೇರಿಯಬಲ್ಸಿನ ಎರಡು ಪ್ರಮೇಯಗಳ ಸಾಧನೆಗಳು ಒಂಬತ್ತರಲ್ಲಿ ಎಂಟು ಸಲ ಬಂದಿದ್ದವು. ಮೂರನೆಯ ಮಾಡ್ಯೂಲೇ ಸರಿ ಎಂದು ಪೆನ್ಸಿಲಿನಲ್ಲಿ ಸುತ್ತು ಹಾಕಿದಳು.

ಹೇಳಿಕೊಡಲು ಯೋಗಾನರಸಿಂಹ ಮೇಷ್ಟ್ರು ಒಪ್ಪಿದ್ದರು. ಕಾಲೇಜಿನಲ್ಲಿ ಅವಳಿಗೆ ಗಣಿತ ಕಲಿಸಿದವರು. ನಿವೃತ್ತರಾಗಿ ಈಗ ಹೊಳೆನರಸೀಪುರದಲ್ಲಿದ್ದರು. ಫೆಬ್ರವರಿಯಲ್ಲಿ ಕೇಳಲು ಹೋದಾಗ ಅವರು ಮನೆಯಲ್ಲಿರಲಿಲ್ಲ. ಯೂನಿವರ್ಸಿಟಿ ಕೆಲಸಕ್ಕೆ ಎರಡು ದಿನ ಹೋಗಿದ್ದಾರೆಂದು ಅವರ ಹೆಂಡತಿ ಕನಕಲಕ್ಷ್ಮಿ ಹೇಳಿದ್ದರು. ಇನ್ನೊಮ್ಮೆ ಹೋಗಿ ಕೇಳಿದ ಮೇಲೆ, ಮೇ ತಿಂಗಳಿಂದ ಪ್ರತಿ ಭಾನುವಾರ ಪಾಠ ಶುರುವಾಯಿತು. ಸ್ಮಿತಾ ಎಂಟು ಗಂಟೆಯ ಬಸ್ಸು ಹಿಡಿದು ಹೋಗಿ ಮಧ್ಯಾಹ್ನ ಹಿಂತಿರುಗುತ್ತಿದ್ದಳು.

ಮೇಷ್ಟ್ರದ್ದು ಒಂದೇ ಷರತ್ತು. ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಎಂದು ಕೇಳಬಾರದು. ಪಟ್ಟಿ ತೋರಿಸಿದಾಗ ಅವರು ಕನ್ನಡಕ ಏರಿಸಿ ನೋಡಿದರು.

‘ಮೂರು ಸಲ ಬಂದಿಲ್ಲ, ಅದಕ್ಕೇ ಈ ಸಲ ಬರುತ್ತೆ ಅಂತ ಬರ್ಕೊಂಡಿದೀಯಲ್ಲಮ್ಮ. ನಾಣ್ಯಕ್ಕೆ ನೆನಪಿರಲ್ಲ ಅಂತ ನಾಲ್ಕನೇ ಮಾಡ್ಯೂಲಲ್ಲಿ ಏನು ಓದಿದೆ ಮತ್ತೆ?’

‘ನಾಣ್ಯ ಪೇಪರ್ ಸೆಟ್ ಮಾಡಲ್ವಲ್ಲ ಸರ್,’ ಎಂದಳು ಸ್ಮಿತಾ. ‘ಮಾಡೋರಿಗೆ ನೆನಪಿರುತ್ತೆ.’

ಮೇಷ್ಟ್ರು ನಕ್ಕರು. ಆಮೇಲೆ ಯಾಕೋ ನಗು ನಿಲ್ಲಿಸಿ, ಪಟ್ಟಿಯನ್ನು ಮಡಚಿ ಕೊಟ್ಟು, ಐದನ್ನೂ ಓದು ಎಂದರು.

ಅವರ ಪಾಠದ ರೀತಿ ಹಳೆಯದೇ. ಪುಸ್ತಕದ ಲೆಕ್ಕ ಕೊಡುವವರಲ್ಲ. ಕಿಟಕಿಯಾಚೆ ಕಂಡದ್ದನ್ನೇ ಲೆಕ್ಕ ಮಾಡುವವರು. ಕಾಲೇಜಿನಲ್ಲಿದ್ದಾಗ ಗೊರೂರು ಅಣೆಕಟ್ಟಿನ ನೀರಿನ ಮಟ್ಟ, ಕ್ಯಾಂಟೀನಿನ ಇಡ್ಲಿ, ಬಸ್ ಸ್ಟ್ಯಾಂಡಿನ ಸಾಲು ಎಲ್ಲ ಅವರ ಬೋರ್ಡಿನ ಮೇಲೆ ಬಂದಿದ್ದವು. ಮೇ 25ರ ಭಾನುವಾರ ಕಾಂಪ್ಲೆಕ್ಸ್ ವೇರಿಯಬಲ್ಸ್ ಮುಗಿಸಿ ಇನ್ನರ್ಧ ಗಂಟೆ ಉಳಿದಾಗ, ಐದನೆಯದನ್ನೂ ಒಮ್ಮೆ ನೋಡು ಎಂದು ಅವರು ಬಾಯಲ್ಲೇ ಮಾರ್ಕೋವ್ ಚೈನಿನ ಒಂದು ಲೆಕ್ಕ ಹೇಳಿ ಬರೆಸಿದರು. ಒಬ್ಬ ಕಂಡಕ್ಟರಿಗೆ ಮೂರು ರೂಟು. ಇವತ್ತು ಅರಕಲಗೂಡು ರೂಟಾದರೆ ನಾಳೆ ಹೊಳೆನರಸೀಪುರವೇ. ಹೊಳೆನರಸೀಪುರದ ಮಾರನೆಯ ದಿನ ಚನ್ನರಾಯಪಟ್ಟಣವೇ. ಚನ್ನರಾಯಪಟ್ಟಣದ ಮಾರನೆಯ ದಿನ ಅರಕಲಗೂಡೂ ಆಗಬಹುದು, ಹೊಳೆನರಸೀಪುರವೂ ಆಗಬಹುದು. ಎರಡಕ್ಕೂ ಸಮ ಸಂಭವ. ಬಹಳ ದಿನ ಹೀಗೇ ನಡೆದರೆ ಯಾವ ರೂಟಿನಲ್ಲಿ ಅವನು ಎಷ್ಟು ಪಾಲು ದಿನ ಇರುತ್ತಾನೆ? ಮನೆಯಲ್ಲಿ ಮಾಡಿಕೊಂಡು ಬಾ ಎಂದರು.

ಜೂನ್ 1ರಂದು ಅವಳು ಮಾಡಿಕೊಂಡು ಹೋಗಿದ್ದಳು. ಉತ್ತರ ಸರಿಯಿತ್ತು. ಐದರಲ್ಲಿ ಒಂದು ಪಾಲು ಅರಕಲಗೂಡು, ಎರಡೆರಡು ಪಾಲು ಉಳಿದೆರಡು. ಮೇಷ್ಟ್ರು ಕೆಂಪು ಪೆನ್ನು ಹಿಡಿದು ಮೊದಲ ಸಾಲಿನಿಂದ ಓದತೊಡಗಿದರು. ಮ್ಯಾಟ್ರಿಕ್ಸ್ ಬರೆದಲ್ಲಿಗೆ ಬಂದಾಗ ಪೆನ್ನು ನಿಂತಿತು. ಮತ್ತೆ ಮೇಲಿನಿಂದ ಓದಿದರು. ಸರಿ ಗುರುತು ಹಾಕಲಿಲ್ಲ, ತಪ್ಪು ಗುರುತೂ ಹಾಕಲಿಲ್ಲ. ಪೆನ್ನಿಗೆ ಕ್ಯಾಪ್ ಹಾಕಿ, ನೋಟ್‌ಬುಕ್ ಮುಚ್ಚಿ, ಅದರ ಮೇಲೆ ಅಂಗೈ ಇಟ್ಟುಕೊಂಡು ಕೂತರು.

‘ಇದನ್ನ ಯಾರಿಗಾದ್ರೂ ತೋರಿಸಿದೀಯಾ?’

‘ಇಲ್ಲ ಸರ್.’

‘ಯಾರಿಗೂ?’

‘ಯಾರಿಗೂ ಇಲ್ಲ.’

ಇವತ್ತಿಗೆ ಸಾಕು ಎಂದು ಅವರು ಎದ್ದು ಒಳಗೆ ಹೋದರು. ಆಗ ಗಂಟೆ ಹತ್ತೂಕಾಲು. ಪಾಠ ಶುರುವಾಗಿ ಹದಿನೈದು ನಿಮಿಷವೂ ಆಗಿರಲಿಲ್ಲ. ಕನಕಲಕ್ಷ್ಮಿ ಕಾಫಿ ತಂದು, ಖಾಲಿ ಕುರ್ಚಿ ನೋಡಿ, ಏನಾಯಿತಮ್ಮ ಎಂದು ಕೇಳಿದರು. ಸ್ಮಿತಾ ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡಳು.

ಮಾರನೆಯ ದಿನ ಕಚೇರಿಯಲ್ಲಿದ್ದಾಗ ಮೇಷ್ಟ್ರ ಫೋನು ಬಂತು. ಇನ್ನು ಬರಬೇಡ ಎಂದರು. ಕಾರಣ ಕೇಳಬೇಡ ಎಂದರು. ಆಮೇಲೆ, ಯಾವ ಮಾಡ್ಯೂಲನ್ನೂ ಬಿಡದೆ ಓದು ಎಂದು ನಿಧಾನವಾಗಿ, ಎರಡು ಸಲ ಹೇಳಿ ಇಟ್ಟರು.

ಸಂಜೆ ಆರರವರೆಗೆ ಅವಳು ಒಂದು ಶೌಚಾಲಯದ ಬಾಗಿಲನ್ನು ನಾಲ್ಕು ಸಲ ಬರೆದು ಅಳಿಸಿದಳು. ಮುಚ್ಚಿದ ನೋಟ್‌ಬುಕ್, ಯಾರಿಗಾದರೂ ತೋರಿಸಿದೆಯಾ ಎಂಬ ಪ್ರಶ್ನೆ, ಫೆಬ್ರವರಿಯ ಯೂನಿವರ್ಸಿಟಿ ಕೆಲಸ. ಅವಳ ಬ್ಯಾಚಿನ ಹಳೆಯ ಸ್ಕೀಮಿನ, ಅಂದರೆ ಹಳೆಯ ಪಠ್ಯಕ್ರಮದ, ಪ್ರಶ್ನೆಪತ್ರಿಕೆ ತೆಗೆಯಲು ಅದನ್ನು ಕಲಿಸಿ ಗೊತ್ತಿರುವವರೇ ಬೇಕು. ಅಂಥವರು ಈಗ ಕಡಿಮೆ. ಕಾಲೇಜಿಗೆ ಹೋಗಿಬರುವವರೆಲ್ಲ ಬಲ್ಲ ಮಾತದು. ಮೂರನ್ನೂ ಕೂಡಿಸಿದರೆ ಉತ್ತರ ಒಂದೇ. ಪತ್ರಿಕೆ ತೆಗೆದವರು ಮೇಷ್ಟ್ರು. ಕಂಡಕ್ಟರನ ಲೆಕ್ಕ ಅದರಲ್ಲಿದೆ.

ಅವಳು ಪೆನ್ಸಿಲಿನ ಸುತ್ತನ್ನು ರಬ್ಬರಿನಲ್ಲಿ ಅಳಿಸಿ ಐದನೆಯ ಮಾಡ್ಯೂಲಿಗೆ ಪೆನ್ನಿನಲ್ಲಿ ಸುತ್ತು ಹಾಕಿದಳು. ಅದರಲ್ಲೂ ಸ್ಯಾಂಪ್ಲಿಂಗನ್ನು ಕೈಬಿಟ್ಟಳು. ಪಟ್ಟಿಯ ಪ್ರಕಾರ ಒಂಬತ್ತರಲ್ಲಿ ಮೂರು ಸಲ ಮಾರ್ಕೋವ್ ಚೈನಿಗೇ ಹದಿನಾಲ್ಕು ಅಂಕ ಬಂದಿತ್ತು. ನಾಲ್ಕನೆಯ ಸಲ ಈಗ. ಮುಕ್ಕಾಲು ಪಾಲು ಓದಿ ಮುಗಿಸಿದ್ದ ಕಾಂಪ್ಲೆಕ್ಸ್ ವೇರಿಯಬಲ್ಸ್ ನೋಟ್ಸು ಹಾಸಿಗೆಯ ಕೆಳಗೆ ಹೋಯಿತು.

ಗುರುವಾರ ಅರಕಲಗೂಡಿನಿಂದ ಕನಕರಾಜು ಫೋನು ಮಾಡಿದ. ಇಬ್ಬರದೂ ಒಂದೇ ಬ್ಯಾಚು, ಉಳಿದಿರುವುದು ಇದೇ ಒಂದು ವಿಷಯ, ಕೊನೆಯ ಸಲ ಎಂಬುದೂ ಒಂದೇ. ಅಪ್ಪನ ಸಿಮೆಂಟ್ ಇಟ್ಟಿಗೆ ಯಾರ್ಡನ್ನು ಅವನು ನೋಡಿಕೊಳ್ಳುತ್ತಿದ್ದ. ಶ್ರಾವಣದಲ್ಲಿ ಅವನ ಮದುವೆ.

‘ಕಾರ್ಡ್ ಪ್ರೂಫ್ ಬಂದೈತೆ ಕಣೆ,’ ಎಂದ. ‘ಎಸ್ರು ಮುಂದೆ ಬಿ.ಇ. ಆಕ್ಲಾ ಬುಡ್ಲಾ ಅಂತ ಪ್ರೆಸ್ಸಿನೋನು ಕೇಳ್ತಾವ್ನೆ. ಎಣ್ಣಿನ ಕಡೆಯೋರು ಎಂ.ಕಾಂ. ಅಂತ ಆಕ್ಸವ್ರೆ. ನಂದು ಖಾಲಿ ಬುಟ್ರೆ ಎಂಗ್ ಕಾಣ್ತದೆ ಏಳು.’

ಸ್ಮಿತಾ ನಕ್ಕಳು. ಅವನು ನಗಲಿಲ್ಲ. ನ್ಯೂಮರಿಕಲ್ ಅರ್ಧ ಬರುತ್ತದೆ, ಪ್ರಾಬಬಿಲಿಟಿ ಪರವಾಗಿಲ್ಲ, ಇನ್ನೊಂದು ಯಾವುದು ಓದಲಿ, ಇಟ್ಟಿಗೆ ಲೋಡು ಕಳಿಸಿ ಉಳಿಯುವುದು ದಿನಕ್ಕೆ ಎರಡು ಗಂಟೆ ಎಂದ. ಮೇಷ್ಟ್ರ ಹತ್ತಿರ ಹೋಗುತ್ತೀಯಲ್ಲ, ಏನಾದರೂ ಸುಳಿವು ಕೊಟ್ಟರಾ ಎಂದ. ಎಂಟು ವರ್ಷದಲ್ಲಿ ಅವನು ಅವಳಿಗೆ ಎಷ್ಟೋ ಸಲ ನೋಟ್ಸು ಜೆರಾಕ್ಸ್ ಮಾಡಿಸಿ ಕಳಿಸಿದ್ದ.

‘ಐದನೇ ಮಾಡ್ಯೂಲ್ ಓದು,’ ಎಂದಳು. ‘ಮಾರ್ಕೋವ್ ಚೈನ್. ಸ್ಯಾಂಪ್ಲಿಂಗ್ ಬೇಡ.’

‘ಮೇಷ್ಟ್ರು ಏಳಿದ್ರಾ?’

ಸ್ಮಿತಾ ಮಾತಾಡಲಿಲ್ಲ. ಅತ್ತ ಕಡೆ ಇಟ್ಟಿಗೆ ಯಂತ್ರದ ಸದ್ದು ಕೇಳುತ್ತಿತ್ತು.

‘ಆಯ್ತು ಬುಡು, ನೀನೇನೂ ಏಳ್ಬೇಡ,’ ಎಂದ ಕನಕರಾಜು. ಅವನ ದನಿ ಹಗುರಾಗಿತ್ತು. ‘ಗೊತ್ತಾಯ್ತು.’

ಆಮೇಲಿನ ಹದಿನೆಂಟು ದಿನ ಅವಳು ಬೆಳಗ್ಗೆ ನಾಲ್ಕಕ್ಕೆ ಎದ್ದು ಏಳರವರೆಗೆ, ಸಂಜೆ ಕಚೇರಿ ಮುಗಿದ ಮೇಲೆ ಎರಡು ಗಂಟೆ ಓದಿದಳು. ಭಾನುವಾರ ಬಾಗೂರಿಗೆ ಹೋದಾಗ ತಾಯಿ ಪುಟ್ಟಲಕ್ಷ್ಮಮ್ಮ ರಾಗಿ ಕೇರುತ್ತಾ ಮಗಳ ಹಾಳೆಗಳನ್ನು ನೋಡಿದರು. ‘ಎಂಟು ವರ್ಸದಿಂದ ಓದ್ತಾನೇ ಇದೀಯ. ಇನ್ನೂ ಎಷ್ಟ್ ಉಳ್ದೈತೆ ಮಗ?’ ಎಂದು ಕೇಳಿದರು. ಒಂದೇ ಉಳಿದಿರುವುದು ಎಂದಳು ಸ್ಮಿತಾ. ಹೋದ ಸಲವೂ ಹಾಗೇ ಹೇಳಿದ್ದೆ ಎಂದು ಪುಟ್ಟಲಕ್ಷ್ಮಮ್ಮ ಮೊರ ಕೊಡವಿದರು.

ಪರೀಕ್ಷೆಗೆ ನಾಲ್ಕು ದಿನವಿದ್ದಾಗ ಒಂದು ಅನುಮಾನ ಬಂತು. ಯಾವುದನ್ನೂ ಬಿಡಬೇಡ ಎಂದು ಮೇಷ್ಟ್ರು ಎರಡು ಸಲ ಹೇಳಿದ್ದು ಯಾಕೆ? ಹಾಸಿಗೆಯ ಕೆಳಗಿಂದ ಕಾಂಪ್ಲೆಕ್ಸ್ ವೇರಿಯಬಲ್ಸ್ ತೆಗೆದು ಕೌಷಿ–ರೀಮನ್ ಸಮೀಕರಣಗಳ ಸಾಧನೆಯನ್ನು ನೋಡದೆ ಬರೆದಳು. ಬಂತು. ಎರಡನೆಯ ಸಾಧನೆ ಅರ್ಧಕ್ಕೆ ನಿಂತಿತು. ಸಮಯ ಹಾಳು ಎನ್ನಿಸಿ ಮತ್ತೆ ಮಾರ್ಕೋವಿಗೆ ತಿರುಗಿದಳು. ಕನಕರಾಜುಗೆ ಫೋನು ಮಾಡಬೇಕೆಂದುಕೊಂಡಳು. ಏನೆಂದು ಹೇಳುವುದು? ಮಾಡಲಿಲ್ಲ.

ಜೂನ್ 24ರಂದು ಹಾಸನದ ಪರೀಕ್ಷಾ ಕೇಂದ್ರದಲ್ಲಿ ಅವರ ಸ್ಕೀಮಿನವರು ಏಳೇ ಜನ. ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದರು. ಉಳಿದ ಸಾಲುಗಳಲ್ಲಿ ಹತ್ತೊಂಬತ್ತು, ಇಪ್ಪತ್ತರ ಹುಡುಗ ಹುಡುಗಿಯರು. ಕನಕರಾಜು ಅವಳಿಗಿಂತ ಎರಡು ಬೆಂಚು ಮುಂದೆ. ಕೂರುವ ಮೊದಲು ತಿರುಗಿ ಐದು ಬೆರಳು ತೋರಿಸಿದ.

ಪತ್ರಿಕೆ ಕೈಗೆ ಬಂದಾಗ ಅವಳು ಮೊದಲ ಪುಟ ನೋಡಲಿಲ್ಲ. ನೇರವಾಗಿ ಕೊನೆಯ ಪುಟ ತಿರುಗಿಸಿದಳು. ಒಂಬತ್ತನೆಯ ಪ್ರಶ್ನೆ: ಸ್ಯಾಂಪ್ಲಿಂಗ್, ಸ್ಯಾಂಪ್ಲಿಂಗ್, ಸ್ಯಾಂಪ್ಲಿಂಗ್. ಹತ್ತನೆಯದು: ಮಾರ್ಕೋವಿನಿಂದ ಆರು ಅಂಕದ ಒಂದು ವ್ಯಾಖ್ಯೆ ಮತ್ತು ಸಾಧನೆ, ಉಳಿದದ್ದು ಮತ್ತೆ ಸ್ಯಾಂಪ್ಲಿಂಗ್. ಕಂಡಕ್ಟರ್ ಇರಲಿಲ್ಲ. ರೂಟುಗಳಿರಲಿಲ್ಲ. ಹಾಳೆ ತಪ್ಪಿರಬಹುದೆಂದು ಪತ್ರಿಕೆಯ ಕೋಡನ್ನು ಹಾಲ್ ಟಿಕೆಟ್ಟಿನ ಕೋಡಿನೊಂದಿಗೆ ಅಕ್ಷರ ಅಕ್ಷರವಾಗಿ ಹೋಲಿಸಿದಳು. ಅದೇ ಕೋಡು.

ತಲೆ ಎತ್ತಿದಾಗ ಕನಕರಾಜು ತಿರುಗಿ ಅವಳನ್ನೇ ನೋಡುತ್ತಿದ್ದ. ಮೇಲ್ವಿಚಾರಕರು ಬೆಂಚು ತಟ್ಟಿದರು. ಅವನು ಮುಂದೆ ತಿರುಗಿದ.

ಎರಡೂ ಹತ್ತು. ಅವಳು ಹಾಲ್ ಟಿಕೆಟ್ ಪಕ್ಕಕ್ಕಿಟ್ಟು ಒಂದನೆಯ ಮಾಡ್ಯೂಲ್ ಶುರು ಮಾಡಿದಳು. ಕ್ಯಾಲ್ಕುಲೇಟರಿನಲ್ಲಿ ಒಂದು ಸೊನ್ನೆ ಹೆಚ್ಚಾಯಿತು. ಎರಡನೆಯ ಹೆಜ್ಜೆಯಲ್ಲಿ ಉತ್ತರ ಹುಚ್ಚುಚ್ಚಾಗಿ ಬೆಳೆದಾಗ ತಿಳಿದು, ಹೊಡೆದುಹಾಕಿ ಮತ್ತೆ ಬರೆದಳು. ಅದಕ್ಕೆ ಐವತ್ತು ನಿಮಿಷ ಹಿಡಿಯಿತು. ಪ್ರಾಬಬಿಲಿಟಿಯಲ್ಲಿ ಮೂರರಲ್ಲಿ ಎರಡು ಉಪಪ್ರಶ್ನೆ ಬಂದವು. ನಾಲ್ಕು ಗಂಟೆಗೆ ಅಂಚಿನಲ್ಲಿ ಪೆನ್ಸಿಲಿನಲ್ಲಿ ಕೂಡಿಸಿದಳು. ಕಟ್ಟುನಿಟ್ಟಾಗಿ ತಿದ್ದಿದರೆ ಇಪ್ಪತ್ತಾರು, ಇಪ್ಪತ್ತೇಳು. ಇನ್ನೂ ಎಂಟು ಬೇಕು.

ಅದು ಮೂರನೆಯ ಮಾಡ್ಯೂಲಿನಲ್ಲಿತ್ತು. ಕೌಷಿ–ರೀಮನ್ ಬಂದಿತ್ತು, ಆರು ಅಂಕಕ್ಕೆ. ಮೇ ತಿಂಗಳಲ್ಲಿ ಹೊಳೆನರಸೀಪುರದ ಆ ಮೇಜಿನ ಮೇಲೆ ಮೇಷ್ಟ್ರು ಮೂರು ಸಲ ಬರೆಸಿದ್ದ ಸಾಲುಗಳು ಒಂದಾದ ಮೇಲೊಂದು ಬಂದವು. ಎರಡನೆಯ ಸಾಧನೆಯೂ ಬಂದಿತ್ತು. ನಾಲ್ಕು ದಿನದ ಹಿಂದೆ ಎಲ್ಲಿ ನಿಂತಿದ್ದಳೋ ಅಲ್ಲೇ ಮತ್ತೆ ನಿಂತಳು. ಅಷ್ಟನ್ನೇ ಬರೆದಳು. ಉಳಿದ ಹತ್ತು ನಿಮಿಷದಲ್ಲಿ ಹತ್ತನೆಯ ಪ್ರಶ್ನೆಯ ವ್ಯಾಖ್ಯೆಯನ್ನು ಬರೆದಳು.

ಎರಡು ಬೆಂಚು ಮುಂದೆ ಕನಕರಾಜು ನಾಲ್ಕೂವರೆಗೇ ಪೆನ್ನು ಕೆಳಗಿಟ್ಟು ಕಿಟಕಿಯ ಕಡೆ ನೋಡುತ್ತಾ ಕೂತಿದ್ದ. ಐದು ಗಂಟೆಗೆ ಅವಳು ಹೊರಗೆ ಬರುವಷ್ಟರಲ್ಲಿ ಅವನ ಬೈಕು ಹೋಗಿತ್ತು.

ಮುಂದಿನ ಭಾನುವಾರ ಅವಳು ಹೊಳೆನರಸೀಪುರಕ್ಕೆ ಹೋದಳು. ಬರಬೇಡ ಎಂದದ್ದು ಪರೀಕ್ಷೆಯವರೆಗೆ ಮಾತ್ರ ಎಂದು ತಾನೇ ಅಂದುಕೊಂಡಿದ್ದಳು. ಮೇಷ್ಟ್ರು ಎಷ್ಟು ಬರಬಹುದು ಎಂದು ಕೇಳಲಿಲ್ಲ. ಕೂರು ಎಂದು ಹೇಳಿ ತಾವೇ ಮಾತು ತೆಗೆದರು.

ಯೂನಿವರ್ಸಿಟಿಯವರು ಒಂದು ವಿಷಯಕ್ಕೆ ನಾಲ್ಕೈದು ಜನರಿಂದ ಪ್ರಶ್ನೆಪತ್ರಿಕೆಯ ಬೇರೆ ಬೇರೆ ಸೆಟ್ ತರಿಸಿಕೊಂಡು, ಕೊನೆಗೆ ಒಂದನ್ನು ಆರಿಸುತ್ತಾರೆ. ಫೆಬ್ರವರಿಯಲ್ಲಿ ಅದರಲ್ಲೊಂದನ್ನು ಕೊಟ್ಟವರು ಇವರು. ಮೂರು ರೂಟಿನ ಲೆಕ್ಕ ಅದರಲ್ಲಿತ್ತು. ಊರ ಹೆಸರಿನ ಬದಲು ಎ, ಬಿ, ಸಿ. ಮೇ ತಿಂಗಳಲ್ಲಿ ಅವಳಿಗೊಂದು ಲೆಕ್ಕ ಕಟ್ಟುವಾಗ ಅವರ ಬಾಯಿಗೆ ಅದೇ ಬಂದಿತ್ತು, ಅದೇ ಅಂಕಿಗಳೊಂದಿಗೆ. ಅವಳ ಅಕ್ಷರದಲ್ಲಿ ಮ್ಯಾಟ್ರಿಕ್ಸ್ ನೋಡುವವರೆಗೂ ಅವರಿಗೆ ತಿಳಿದಿರಲಿಲ್ಲ.

‘ನೀನು ಬಂದ ದಿನವೇ ಆಗಲ್ಲ ಅನ್ಬೇಕಿತ್ತು,’ ಎಂದರು. ‘ಪಾಠ ತಾನೇ, ಪ್ರಶ್ನೆ ಹೇಳಲ್ವಲ್ಲ ಅಂದ್ಕೊಂಡೆ. ಅದು ನನ್ನ ತಪ್ಪು. ಮಾರನೇ ದಿನವೇ ಪತ್ರ ಬರೆದೆ, ನನ್ನ ಸೆಟ್ ಬಳಸಬೇಡಿ, ಇನ್ನು ಮುಂದೆ ನನ್ನನ್ನ ಕರೀಬೇಡಿ ಅಂತ. ಆಮೇಲೆ ನಿಂಗೆ ಫೋನ್ ಮಾಡಿದೆ.’

ಬಾಗಿಲಲ್ಲಿ ನಿಂತಿದ್ದ ಕನಕಲಕ್ಷ್ಮಿ, ಅವತ್ತು ಇವರು ಊಟ ಮಾಡಲಿಲ್ಲ ಎಂದರು. ಅದೆಲ್ಲ ಯಾಕೆ ಈಗ ಎಂದರು ಮೇಷ್ಟ್ರು. ಆಮೇಲೆ ಸ್ಮಿತಾ ಕಡೆ ತಿರುಗಿ, ಆ ಲೆಕ್ಕವನ್ನು ಯಾರಿಗೂ ತೋರಿಸಲಿಲ್ಲ ತಾನೇ ಎಂದು ಇನ್ನೊಮ್ಮೆ ಕೇಳಿದರು.

‘ತೋರಿಸಿಲ್ಲ ಸರ್,’ ಎಂದಳು. ಅದು ನಿಜವೇ ಆಗಿತ್ತು. ಲೆಕ್ಕವನ್ನು ಅವಳು ಯಾರಿಗೂ ತೋರಿಸಿರಲಿಲ್ಲ. ಹಿಂತಿರುಗುವ ಖಾಸಗಿ ಬಸ್ಸಿನಲ್ಲಿ ಟಿಕೆಟ್ ಕೇಳಿದ ಕಂಡಕ್ಟರನ ಮುಖ ನೋಡದೆ ದುಡ್ಡು ಕೊಟ್ಟಳು.

ಫಲಿತಾಂಶ ಜುಲೈ 22ರಂದು ಬಂತು. ಸ್ಮಿತಾಗೆ ಮೂವತ್ತೇಳು. ಸುನೀಲ್‌ಕುಮಾರ್ ಮೊಬೈಲನ್ನು ಇಸಿದುಕೊಂಡು ಎರಡು ಸಲ ನೋಡಿ, ಸೀಲು ಮಾಡಿಸಿಕೊಳ್ಳಮ್ಮ, ಇನ್ನು ನಾನು ಆರಾಮ ಎಂದರು. ಬಾಗೂರಿಗೆ ಫೋನು ಮಾಡಿದಳು. ಅರಕಲಗೂಡಿಗೆ ಮಾಡಲಿಲ್ಲ. ಕನಕರಾಜುವಿನ ರಿಜಿಸ್ಟರ್ ನಂಬರು ಅವಳಿಗೆ ಬಾಯಿಗೆ ಬರುತ್ತಿತ್ತು. ಹಾಕಿ ನೋಡಿದಳು. ಇಪ್ಪತ್ತೊಂಬತ್ತು.

ಎಂಟು ದಿನ ಬಿಟ್ಟು ಅವನೇ ಕಚೇರಿಗೆ ಬಂದ. ಕೈಯಲ್ಲಿ ಮದುವೆ ಕಾರ್ಡುಗಳ ಚೀಲ. ಹಾಸನದಲ್ಲಿ ಅರವತ್ತು ಮನೆ ಇವೆ ಎಂದು ಕುರ್ಚಿ ಎಳೆದುಕೊಂಡ. ಒಂದು ಕಾರ್ಡು ತೆಗೆದು ಅವಳ ಮುಂದಿಟ್ಟ. ಹುಡುಗಿಯ ಹೆಸರಿನ ಮುಂದೆ ಎಂ.ಕಾಂ. ಇತ್ತು. ಹುಡುಗನ ಹೆಸರಿನ ಮುಂದೆ ಏನೂ ಇರಲಿಲ್ಲ. ಪ್ರೂಫಿನಲ್ಲಿ ಹಾಕಿಸಿದ್ದೆ, ಮತ್ತೆ ತೆಗೆಸಿದೆ, ಪ್ರೆಸ್ಸಿನವನು ಅದಕ್ಕೂ ಗೊಣಗಿದ ಎಂದ.

‘ನಿಮ್ ಮೇಷ್ಟ್ರು ಒಳ್ಳೆ ಕೈ ಕೊಟ್ರು ಕಣೆ,’ ಎಂದ ನಗುತ್ತಾ. ‘ಕೇಳಿದೋರ್ಗೆಲ್ಲ ಅದ್ನೇ ಏಳ್ತಿವ್ನಿ. ವಯಸ್ಸಾಯ್ತು ಅಂದ್ರೆ ಸುಮ್ಕಿರ್ಬೇಕು. ಗೊತ್ತಿಲ್ದಿದ್ ಮೇಲೆ ಯಾಕ್ ಏಳ್ಬೇಕಿತ್ತು?’

ಸ್ಮಿತಾ ಸ್ಕೇಲನ್ನು ಹಾಳೆಯ ಮೇಲಿಂದ ತೆಗೆದು ಪಕ್ಕಕ್ಕಿಟ್ಟಳು.

‘ಮೇಷ್ಟ್ರು ಏನೂ ಹೇಳಿರಲಿಲ್ಲ,’ ಎಂದಳು. ‘ಎಲ್ಲಾ ಓದು ಅಂದಿದ್ರು, ಅಷ್ಟೇ. ಮಾರ್ಕೋವ್ ಅಂದಿದ್ದು ನಾನು. ನನ್ನ ಅಂದಾಜು.’

ಕನಕರಾಜು ನಗುವನ್ನು ಹಾಗೇ ಇಟ್ಟುಕೊಂಡು ಕಾರ್ಡುಗಳ ಚೀಲವನ್ನು ಕೆಳಗಿಟ್ಟ.

‘ಕೇಳ್ದೆ ನಾನು. ಮೇಷ್ಟ್ರು ಏಳಿದ್ರಾ ಅಂತ.’

‘ಕೇಳಿದೆ.’

‘ಸುಮ್ಕಿದ್ದೆ ನೀನು.’

‘ಹೌದು.’

ನೀನು ಯಾವುದನ್ನು ಬರೆದು ಪಾಸಾದೆ ಎಂದು ಕೇಳಿದ. ಮೂರನೆಯ ಮಾಡ್ಯೂಲ್ ಎಂದಳು. ಅದನ್ನು ಓದು ಎಂದು ನನಗೆ ಹೇಳಲಿಲ್ಲವಲ್ಲ ಎಂದ. ನಾನೂ ಬಿಟ್ಟಿದ್ದೆ, ಮೇಷ್ಟ್ರು ಮೊದಲೇ ಕಲಿಸಿದ್ದು ಉಳಿದುಕೊಂಡಿತ್ತು ಎಂದಳು. ಅದು ನಿಜವಾದರೂ ಹೇಳಿದ ಮೇಲೆ ನೆಪದಂತೆ ಕೇಳಿಸಿತು. ಅವನು ತಲೆಯಾಡಿಸಿದ. ಮೇಷ್ಟ್ರ ಬಗ್ಗೆ ಆಡಿದ ಮಾತನ್ನು ಎಲ್ಲೆಲ್ಲಿ ಆಡಿದ್ದೆನೋ ಅಲ್ಲೆಲ್ಲ ವಾಪಸ್ ತೆಗೆದುಕೊಳ್ಳಬೇಕು ಈಗ ಎಂದು, ತನಗೇ ಹೇಳಿಕೊಂಡಂತೆ ಹೇಳಿದ. ಚೀಲ ಎತ್ತಿಕೊಂಡು ಎದ್ದ. ಮದುವೆಗೆ ಬಾ ಎನ್ನಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ. ಕಾರ್ಡನ್ನು ವಾಪಸ್ ತೆಗೆದುಕೊಳ್ಳಲಿಲ್ಲ.

ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳಿಸದಾದ ಮೇಲೆ ಅವಳು ಹೊಳೆನರಸೀಪುರದ ನಂಬರು ಒತ್ತಿದಳು. ರಿಂಗಾಗುತ್ತಿರುವಾಗ ಕಾರ್ಡಿನ ಲಕೋಟೆಯನ್ನು ತಿರುಗಿಸಿ ನೋಡಿದಳು. ಅರಕಲಗೂಡಿನಿಂದ ಹೊರಡುವಾಗಲೇ ಬರೆದಿದ್ದಿರಬೇಕು, ನೀಲಿ ಶಾಯಿಯಲ್ಲಿ, ಅವನ ದಪ್ಪ ಅಕ್ಷರದಲ್ಲಿ: ಕು. ಸ್ಮಿತಾ, ಬಿ.ಇ.

‘ಹೇಳಮ್ಮ,’ ಎಂದರು ಮೇಷ್ಟ್ರು.

‘ಸರ್, ನಾನು ತೋರಿಸಲಿಲ್ಲ ನಿಜ,’ ಎಂದಳು ಸ್ಮಿತಾ. ‘ಆದ್ರೆ ಒಬ್ಬನಿಗೆ ಹೇಳಿದ್ದೆ.’